ಪಹಣಿ ನಿಮ್ಮ ಹೆಸರಲ್ಲಿರಲಿ, ಯಜಮಾನಿಕೆ ಬಿಟ್ಟುಕೊಡಿ

ಮೂಡಿಗೆರೆ, ಕಳಸದ ಕಡೆ ಕಾಫಿ ತೋಟದ ಮನೆಗಳಲ್ಲಿ ಈಗ ಇಬ್ಬರೇ ಇರುವುದು ಹೆಚ್ಚು. ಕೆಲವು ಕಡೆ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಪಕ್ಕದ ಮನೆಗೆ ಕೂಗಿದರೆ ಕೇಳಿಸದು. ಇಲ್ಲಿ ಮರ್ಯಾದೆಯಿಂದ, ಮನೆಯವರ ಪ್ರೀತಿ ಉಳಿಸಿಕೊಂಡು ಮುಪ್ಪು ಕಳೆಯಬೇಕಾದರೆ ಕೈಕಾಲು ಗಟ್ಟಿ ಇರುವಾಗಲೇ ಕೆಲವು ಕೆಲಸ ಮುಗಿಸಬೇಕು. ನಮ್ಮಲ್ಲಿ ಬಹಳ ಮಂದಿ ತೋಟವನ್ನು ಮಗನ ಹೆಸರಿಗೆ ಮಾಡಿಸಿ, ಯಜಮಾನಿಕೆ ಮಾತ್ರ ಬಿಡುವುದಿಲ್ಲ. ಆಗಬೇಕಾದ್ದು ಇದರ ತಿರುವುಮುರುವು.

ಮೊದಲು ಕಾಗದಪತ್ರ. ದಾನಪತ್ರ ನೋಂದಣಿಯಾದ ಕೂಡಲೇ ಆಸ್ತಿ ಕೈಬಿಡುತ್ತದೆ. ಉಯಿಲು ಹಾಗಲ್ಲ: ನಿಮ್ಮ ಕಾಲಾನಂತರವೇ ಅದಕ್ಕೆ ಜೀವ, ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಬೇಕು, ಅವರು ಆಸ್ತಿ ಪಡೆಯುವವರಾಗಿರಬಾರದು. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗಷ್ಟೇ ಉಯಿಲು ನಡೆಯುತ್ತದೆ. ಹೆಣ್ಣುಮಕ್ಕಳ ಸಮಪಾಲನ್ನು ಮರೆತು ಬರೆದರೆ ಮುಂದೆ ಅಣ್ಣತಂಗಿಯರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ.

ದಾನಪತ್ರವೇ ಮಾಡಬೇಕಾದ ಸಂದರ್ಭ ಬಂದರೆ, ನಿಮ್ಮ ಜೀವಮಾನದುದ್ದಕ್ಕೂ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಷರತ್ತು ಮುರಿದರೆ ವರ್ಗಾವಣೆಯನ್ನು ರದ್ದುಪಡಿಸಿಕೊಳ್ಳಬಹುದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಜನವರಿಯಲ್ಲಿ ಅದೇ ಕೋರ್ಟ್ ಮಗನಿಗೆ ಕೊಟ್ಟಿದ್ದ ಆಸ್ತಿಯನ್ನು ತಾಯಿಗೆ ವಾಪಸ್ ಕೊಡಿಸಿತು. ಬಾಯಿಮಾತಿನ ಭರವಸೆ ಸಾಲದು, ಎಷ್ಟೇ ಒಳ್ಳೆಯ ಮಗನಾದರೂ.

ಎರಡನೆಯದು ಕಷ್ಟದ ಕೆಲಸ: ಯಜಮಾನಿಕೆ ಬಿಡುವುದು. ಮಗ ತೋಟದಲ್ಲೇ ಉಳಿದಿರುವ ಮನೆ ನೋಡಿ: ಕುಯ್ಲಿನ ದಿನಗಳಲ್ಲಿ ಬೆಳಗ್ಗೆ ತೋಟದ ಲೆಕ್ಕ ಬರೆಯುವ ರೈಟರು ಆಳುಗಳ ಹಾಜರಿಯ ಚೆಕ್‌ರೋಲ್ ಹಿಡಿದು ಅಂಗಳಕ್ಕೆ ಬರುತ್ತಾರೆ. ಎಷ್ಟು ಆಳು, ಯಾವ ಪಟ್ಟೆ, ಕಣದಲ್ಲಿ ಹಣ್ಣು ತಿರುವಲು ಯಾರು ಎಂದು ಮಗ ಹೇಳಿ ಮುಗಿಸಿದ್ದಾನೆ. ಜಗುಲಿಯಿಂದ ಅಪ್ಪ, ‘ಅದು ಬೇಡ, ಮೇಲಿನ ಪಟ್ಟೆಗೆ ಕಳಿಸಿ’ ಎನ್ನುತ್ತಾರೆ. ರೈಟರು ಇಬ್ಬರ ಮುಖವನ್ನೂ ನೋಡುತ್ತಾರೆ. ಆಳುಗಳೆದುರು ಸಣ್ಣವನಾದ ಮಗ ರಾತ್ರಿ ಊಟಕ್ಕೆ ಕೂತಾಗ ಮಾತಾಡುವುದಿಲ್ಲ. ಆದ್ದರಿಂದ ಒಂದು ಹೂಮಳೆಯಿಂದ ಇನ್ನೊಂದು ಹೂಮಳೆಯವರೆಗೆ ಒಂದು ವರ್ಷ ಜೊತೆಯಲ್ಲಿದ್ದು ಲೆಕ್ಕ, ಮರಗಸಿ, ಗೊಬ್ಬರ, ಮಾರಾಟ ಎಲ್ಲವನ್ನೂ ತೋರಿಸಿಕೊಡಿ. ಆಮೇಲೆ ಕೇಳಿದರಷ್ಟೇ ಹೇಳಿ. ತಪ್ಪು ಕಂಡರೆ ಆಳುಗಳು ಹೋದ ಮೇಲೆ, ಮಗನೊಬ್ಬನೇ ಇದ್ದಾಗ ಹೇಳಿ. ಅಡುಗೆಮನೆಗೂ ಇದೇ ಮಾತು: ಸೊಸೆ ಮಾಡಿದ ಕಡುಬಿಗೆ ಹೆಸರಿಡಬೇಡಿ. ರಜೆಗೆ ಬಂದ ಮಕ್ಕಳಿಗೆ ಮೊದಲ ದಿನವೇ ಮೊಣಕಾಲು ನೋವು, ಇನ್ನೊಬ್ಬ ಮಗನ ದೂರು ಒಪ್ಪಿಸಬೇಡಿ. ಮೊಮ್ಮಕ್ಕಳನ್ನು ಹಳ್ಳದ ಹತ್ತಿರ ಕರೆದುಕೊಂಡು ಹೋಗಿ.

ಬಿಡುವಾದ ಸಮಯಕ್ಕೆ ನಿಮ್ಮದೇ ಒಂದು ಕೆಲಸವಿರಲಿ. 2007ರಲ್ಲಿ ಲೇಖಕ ಪೂರ್ಣಚಂದ್ರ ತೇಜಸ್ವಿ ತೀರಿಕೊಂಡ ಮೇಲೆ, ಇಳಿವಯಸ್ಸಿನಲ್ಲಿ, ಅವರ ಪತ್ನಿ ರಾಜೇಶ್ವರಿ ತೇಜಸ್ವಿ ‘ನನ್ನ ತೇಜಸ್ವಿ’ ಬರೆದರು.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ಮನೆ ಸರಿಮಾಡಿಕೊಳ್ಳಿ. ಜಾರಿ ಬೀಳುವುದು ಬಚ್ಚಲಿನಲ್ಲಿ, ಪಾಚಿಗಟ್ಟಿದ ಕಲ್ಲುಮೆಟ್ಟಿಲಲ್ಲಿ. ಮೆಟ್ಟಿಲಿಗೆ ಸುಣ್ಣ ಹಾಕಿ ಉಜ್ಜಿಸಿ, ಬಚ್ಚಲ ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿ, ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿಯೆಲ್ಲ ದೀಪವಿರಲಿ. ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬಾರದು, ಚಾರ್ಮಾಡಿಯಲ್ಲಿ ಗುಡ್ಡ ಕುಸಿದರೆ ಉಜಿರೆ, ಮಂಗಳೂರಿನ ದಾರಿ ಬಂದ್. ತಿಂಗಳ ಔಷಧಿ ಮುಂಚೆಯೇ ತಂದಿಡಿ. ಜೀಪಿನವರ ನಂಬರನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಕೊನೆಗಾಲದಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಎಂಬ ತೀರ್ಮಾನವನ್ನು ಮಕ್ಕಳ ತಲೆಗೆ ಕಟ್ಟಬೇಡಿ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಸರಳಗೊಳಿಸಿದ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು.

ಇನ್ನು ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಯ ಹಿರಿಯರಿಗೆ ಪಹಣಿಯೇ ಇಲ್ಲ. ದುಡಿಮೆ ನಿಂತರೆ ಸೂರೂ ಹೋಗಬಹುದೆಂಬ ಭಯ ಅವರದು. ತೋಟದಲ್ಲಿ ಸತತ 5 ವರ್ಷ ದುಡಿದ ಕಾಯಂ ಕಾರ್ಮಿಕರಿಗೆ ವರ್ಷಕ್ಕೆ 15 ದಿನದ ಕೂಲಿಯಂತೆ ಗ್ರಾಚ್ಯುಟಿ ಸಲ್ಲುತ್ತದೆ. ಅದು ಧಣಿಗಳ ಉಪಕಾರವಲ್ಲ, ಹಕ್ಕು. ಆಧಾರ್ ಮತ್ತು ಪಿಎಫ್‌ನಲ್ಲಿ ಹೆಸರು, ಹುಟ್ಟಿದ ದಿನಾಂಕ ಒಂದೇ ಇರುವಂತೆ ಕೆಲಸದಲ್ಲಿರುವಾಗಲೇ ತಿದ್ದಿಸಿ. 65 ದಾಟಿದ ಬಡವರು ಸಂಧ್ಯಾ ಸುರಕ್ಷಾ ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಲಿ.

ಇಷ್ಟಾದರೂ ಮಕ್ಕಳು ಕೈಬಿಡಬಹುದು. 2025ರ ಮಾರ್ಚ್‌ನಲ್ಲಿ ಸಚಿವ ಶರಣಪ್ರಕಾಶ ಪಾಟೀಲರು, ಹೆತ್ತವರನ್ನು ಆಸ್ಪತ್ರೆಯಲ್ಲಿ ಬಿಟ್ಟುಹೋಗುವ ಮಕ್ಕಳ ಮೇಲೆ ದೂರು ಕೊಡುವಂತೆ ವೈದ್ಯಕೀಯ ಕಾಲೇಜುಗಳಿಗೆ ಸೂಚಿಸಿದರು. ಬೆಳಗಾವಿಯ ಬಿಮ್ಸ್ ಒಂದರಲ್ಲೇ ಅಂಥ 150ಕ್ಕೂ ಹೆಚ್ಚು ಪ್ರಕರಣಗಳಿದ್ದವು. ಊರಿನ ಬಾಯಿಗೆ ಹೆದರಿ ಸುಮ್ಮನಿರಬೇಡಿ. 2007ರ ಕಾಯ್ದೆಯಡಿ ಇಂಥ ದೂರುಗಳಿಗೆ ಉಪವಿಭಾಗಾಧಿಕಾರಿಯೇ (ಎಸಿ) ನ್ಯಾಯಮಂಡಳಿ. ಮೂಡಿಗೆರೆ, ಕಳಸದವರು ಚಿಕ್ಕಮಗಳೂರಿನ ಎಸಿ ಕಚೇರಿಗೆ ಅರ್ಜಿ ಕೊಡಬೇಕು. ವಯಸ್ಸಿನ ದಾಖಲೆ, ದಾನಪತ್ರ ಅಥವಾ ಪಹಣಿಯ ನಕಲು, ಮಕ್ಕಳ ಹೆಸರು ವಿಳಾಸ ಇದ್ದರೆ ಸಾಕು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಅವರಿಗಿದೆ. ಹೋಗಿಬರಲು ಆಗದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ.