ಕಾರ್ಖಾನೆ ಬಂತು, ಬೆಟ್ಟದ ಮೇಲಕ್ಕಲ್ಲ

ಪ್ರಶ್ನೆ: ಹಿಂದುಳಿದ ಕಡೆ ಕಾರ್ಖಾನೆ ಬರಲೆಂದು ಸರ್ಕಾರ ತೆರಿಗೆ ಬಿಟ್ಟುಕೊಡುತ್ತದಲ್ಲ, ಅದರಿಂದ ಅಲ್ಲಿನವರಿಗೆ ನಿಜವಾಗಿ ಕೆಲಸ ಸಿಗುತ್ತದೆಯೇ?
– ಓದುಗರೊಬ್ಬರು, ಯಾದಗಿರಿ

ಉತ್ತರ: ಕೆಲಸವೇನೋ ಹುಟ್ಟುತ್ತದೆ. ಯಾರ ಊರಿನ ಹತ್ತಿರ ಹುಟ್ಟುತ್ತದೆ ಎಂಬುದರಲ್ಲೇ ಎಲ್ಲವೂ ಇದೆ.

2003ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಿಮಾಚಲ ಪ್ರದೇಶಕ್ಕೂ ಆಗ ಉತ್ತರಾಂಚಲ ಎನಿಸಿಕೊಂಡಿದ್ದ ಉತ್ತರಾಖಂಡಕ್ಕೂ ವಿಶೇಷ ಪ್ಯಾಕೇಜ್ ಘೋಷಿಸಿತು. ಹೊಸ ಕಾರ್ಖಾನೆಗೆ 10 ವರ್ಷ ಕೇಂದ್ರ ಅಬಕಾರಿ ಸುಂಕವಿರಲಿಲ್ಲ, ಮೊದಲ 5 ವರ್ಷ ಆದಾಯ ತೆರಿಗೆಯೂ ಇರಲಿಲ್ಲ. ಉತ್ತರಾಖಂಡದ ಬಯಲಿನಲ್ಲಿರುವ ಪಂತನಗರಕ್ಕೆ ಟಾಟಾ ಏಸ್ ಕಾರ್ಖಾನೆ ಬಂತು, ಹರಿದ್ವಾರಕ್ಕೆ ಹೀರೋ ಹೋಂಡಾ ಬಂತು. ಹಿಮಾಚಲದ ಬದ್ದಿಯಲ್ಲಿ ಔಷಧ ಕಂಪನಿಗಳು ಸಾಲುಗಟ್ಟಿದವು. ನಿಮ್ಮ ಮನೆಯ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರೆ ಆ ಊರಿನ ವಿಳಾಸ ಕಂಡೀತು. ಈ ರಾಜ್ಯಗಳಲ್ಲಿ ಕಾರ್ಖಾನೆಗಳೂ ಉದ್ಯೋಗವೂ ಹೆಚ್ಚಿದವೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಆದರೆ ಪ್ರತ್ಯೇಕ ರಾಜ್ಯಕ್ಕಾಗಿ ಬೀದಿಗಿಳಿದಿದ್ದವರು ಉತ್ತರಾಖಂಡದ ಬೆಟ್ಟದ ಜನ. ರಿಯಾಯಿತಿ ಇಡೀ ರಾಜ್ಯಕ್ಕೆ ಒಂದೇ ಆಗಿದ್ದಾಗ ಯಾವ ಮಾಲೀಕ ಬೆಟ್ಟ ಹತ್ತುತ್ತಾನೆ? ಸಮತಟ್ಟು ನೆಲ, ರೈಲು, ಲಾರಿ ಓಡುವ ರಸ್ತೆ ಇರುವ ಬಯಲಿನಲ್ಲೇ ನಿಲ್ಲುತ್ತಾನೆ. 2001ರಿಂದ 2011ರವರೆಗೆ ಹರಿದ್ವಾರ, ಡೆಹ್ರಾಡೂನ್, ಉಧಮ್ ಸಿಂಗ್ ನಗರ ಜಿಲ್ಲೆಗಳ ಜನಸಂಖ್ಯೆ ಶೇ. 30ಕ್ಕಿಂತ ಹೆಚ್ಚು ಬೆಳೆಯಿತು. ಬೆಟ್ಟದ ಜಿಲ್ಲೆಗಳಾದ ಅಲ್ಮೋರಾ ಮತ್ತು ಪೌಡಿಯಲ್ಲಿ ಜನ ಕಡಿಮೆಯಾದರು. ಬೆಟ್ಟದ ಗುಳೆ ಹಳೆಯದು, ನಿಜ. ಅದನ್ನು ತಡೆಯುವ ಕೆಲಸ ಈ ರಿಯಾಯಿತಿಯಿಂದ ಆಗಲಿಲ್ಲ. ನನಗೆ ನೋವಾಗುವುದು ಇಲ್ಲೇ.

ಸರ್ಕಾರದ ಹಣ ನಿಂತ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಟೆನೆಸ್ಸಿ ಕಣಿವೆ ಒಳ್ಳೆಯ ಸಾಕ್ಷಿ. 1933ರಿಂದ ಅಲ್ಲಿ ಅಣೆಕಟ್ಟು, ವಿದ್ಯುತ್, ರಸ್ತೆಗಳಿಗೆ ಸರ್ಕಾರ ಹಣ ಸುರಿಯಿತು. ಅರ್ಥಶಾಸ್ತ್ರಜ್ಞರಾದ ಕ್ಲೈನ್ ಮತ್ತು ಮೊರೆಟ್ಟಿ ಕಂಡಂತೆ, ನೆರವು ಇಳಿದ ಮೇಲೆ ಕೃಷಿಯಲ್ಲಿ ಹೆಚ್ಚಿದ್ದ ಕೆಲಸಗಳು ಕರಗಿದವು, ಕಾರ್ಖಾನೆಯ ಕೆಲಸಗಳು ಮಾತ್ರ ಬೆಳೆಯುತ್ತಲೇ ಹೋದವು. ಕೂಲಿ ಅಷ್ಟಾಗಿ ಏರಲಿಲ್ಲ; ಕೆಲಸವಿದ್ದಲ್ಲಿಗೆ ಹೊರಗಿನವರೂ ಬರುತ್ತಾರಲ್ಲ.

ನಮ್ಮಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದ ಪ್ರದೇಶಗಳನ್ನು ಗುರುತಿಸುವಾಗ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನೇ ಅಳತೆಗೋಲು ಮಾಡಿಕೊಂಡಿದ್ದನ್ನು ನಾನು ದೊಡ್ಡ ಮಾತೆಂದು ತಿಳಿಯುತ್ತೇನೆ. ಆಗಿನ 175ರಲ್ಲಿ 114 ತಾಲ್ಲೂಕು ಹಿಂದುಳಿದಿವೆ ಎಂದಿತು ಅದು. ಅತ್ಯಂತ ಹಿಂದುಳಿದ 39ರಲ್ಲಿ 21 ನಿಮ್ಮ ವಿಭಾಗದವೇ. ಆದ್ದರಿಂದ ಹೊಸ ರಿಯಾಯಿತಿಯ ಸುದ್ದಿ ಬಂದಾಗ ಜಿಲ್ಲೆಯ ಹೆಸರಿಗೆ ತೃಪ್ತರಾಗಬೇಡಿ. ಯಾವ ತಾಲ್ಲೂಕು, ಆ ಕೆಲಸ ಕಲಿಸುವ ಐಟಿಐ ಹತ್ತಿರದಲ್ಲಿದೆಯೇ, ಊರಿಂದ ಹೋಗಿಬರಲು ಬಸ್ಸು ಇದೆಯೇ ಎಂದು ಕೇಳಿ.