ದೊಡ್ಡ ಗಡಿಯಾರದ ಕೆಳಗೆ ಐದು ಜನ, ಒಂದು ಕ್ಯಾಲೆಂಡರ್

‘ಏನಾದ್ರೂ ಮಾಡೋಣ ಕಣೋ’ ಅಂತ ನಾಲ್ಕೈದು ಗೆಳೆಯರು ನೋಟ್‌ಬುಕ್ಕು, ಮೊಬೈಲು ಹಿಡಿದು ಊರು ಸುತ್ತಲು ಹೊರಡುವುದು ಮೈಸೂರಿನಲ್ಲಿ ಹೊಸದೇನಲ್ಲ. ನಾವೂ ಒಮ್ಮೆ ಹಾಗೆ ಹೊರಟಿದ್ದೆವು. ಅರಮನೆಯಿಂದ ಲಲಿತಮಹಲ್‌ವರೆಗೆ ಅಲೆದು, ಮುನ್ನೂರು ಚಿಲ್ಲರೆ ಫೋಟೊ ಹೊಡೆದು, ಸಂಜೆ ಬರಿಗೈಲಿ ಮನೆ ಸೇರಿದೆವು. ಐವರ ಮೊಬೈಲಿನಲ್ಲೂ ಅದೇ ಅರಮನೆ, ಅದೇ ಗುಮ್ಮಟ. ಮುಂದಿನ ಸಲ ಒಂದೇ ಗಡಿಯಾರದ ಕೆಳಗೆ ಎರಡು ಗಂಟೆ ನಿಂತೆವು. ಅಲ್ಲಿಂದ ಒಂದು ಟೇಬಲ್ ಕ್ಯಾಲೆಂಡರ್ ಹುಟ್ಟಿತು. ನಿಮಗೆ ಉಪಯೋಗಕ್ಕೆ ಬರಬಹುದೆಂದು ಆ ಎರಡನೇ ಸಲದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ಐದು ಜನ ಸಾಕು. ಎಂಟು ಜನವಾದರೆ ಅದು ಪ್ರವಾಸವಾಗುತ್ತದೆ. ಐವರಲ್ಲಿ ಚಿತ್ರ ಬರೆಯಲು ಬಾರದವರು ಒಬ್ಬರಾದರೂ ಇರಲಿ, ಪ್ರಶ್ನೆ ಕೇಳುವವರು ಅವರೇ. ಏನು ಮಾಡುತ್ತೇವೆ ಎಂಬುದನ್ನು ಮನೆಯಲ್ಲೇ ನಿರ್ಧರಿಸಬೇಡಿ. ಆದರೆ ಯಾವ ಅಳತೆಯದು ಎಂಬುದನ್ನು ನಿರ್ಧರಿಸಿ: ಮೇಜಿನ ಮೇಲೆ ಕೂರುವ ವಸ್ತುವೋ, ಗೋಡೆಗೆ ಹಚ್ಚುವ ಪೋಸ್ಟರೋ, ಹೆಗಲಿಗೆ ಹಾಕುವ ಚೀಲವೋ. ಗೆರೆಯಿಲ್ಲದ ಪುಸ್ತಕ, ಪೆನ್ಸಿಲ್, ಒಂದು ಟೇಪು ಇಷ್ಟು ಸಾಕು.

ಬೆಳಿಗ್ಗೆ ಏಳಕ್ಕೆ ಮುಂಚೆ ಹೊರಡಿ. ಜನ ಕಡಿಮೆ ಎಂಬುದು ಒಂದು ಕಾರಣ. ಓರೆಬಿಸಿಲು ಇನ್ನೊಂದು. ಗಾರೆ ಕೆಲಸದ ಅಂಚು, ಕಮಾನಿನ ಆಳ, ಕೆತ್ತನೆಯ ಉಬ್ಬುತಗ್ಗು ನೆರಳಿನಿಂದಲೇ ಎದ್ದು ಕಾಣುತ್ತವೆ. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಚಪ್ಪಟೆ.

ನಡೆಯುವಾಗ

ನಮ್ಮ ದಾರಿ ಒಂದು ಕಿಲೋಮೀಟರ್‌ಗೆ ತುಸು ಹೆಚ್ಚೇನೋ ಅಷ್ಟೆ: ದೊಡ್ಡ ಗಡಿಯಾರ, ಚಾಮರಾಜ ವೃತ್ತ, ಕೆ.ಆರ್. ವೃತ್ತ, ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ, ಚಿಕ್ಕ ಗಡಿಯಾರ. ಅರಮನೆಯನ್ನು ಬೇಕೆಂದೇ ಬಿಟ್ಟೆವು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ರೂಪಿಸಿ 1912ರಲ್ಲಿ ಮುಗಿದ ಆ ಕಟ್ಟಡ ಕಣ್ಣನ್ನು ಪೂರ್ತಿ ತುಂಬಿಬಿಡುತ್ತದೆ, ನಿಮ್ಮ ಕಲ್ಪನೆಗೆ ಜಾಗ ಉಳಿಯುವುದಿಲ್ಲ.

ಎಲ್ಲರೂ ಎಲ್ಲವನ್ನೂ ನೋಡಬಾರದು, ಕೆಲಸ ಹಂಚಿಕೊಳ್ಳಿ. ಒಬ್ಬರು ಅಕ್ಷರ ಮತ್ತು ಅಂಕಿ, ಒಬ್ಬರು ಕಿಟಕಿ ಬಾಗಿಲು, ಒಬ್ಬರು ಬಣ್ಣ, ಒಬ್ಬರು ಹಳೆಯದಾಗಿ ಹಾಳಾದದ್ದು, ಐದನೆಯವರು ಜನ ಆ ಕಟ್ಟಡವನ್ನು ಬಳಸುವ ಬಗೆ. ಈ ಕೊನೆಯದನ್ನು ನಾವು ಬಹಳ ಹಗುರವಾಗಿ ತೆಗೆದುಕೊಂಡಿದ್ದೆವು. ಆದರೆ ಮಾರುಕಟ್ಟೆಯ ಕಂಬಕ್ಕೆ ಮೊಳೆ ಹೊಡೆದು ಹೂವಿನ ಹಾರ ನೇತುಹಾಕುವ ಎತ್ತರ, ಕುಂಕುಮದ ಗುಡ್ಡೆಗಳ ಸಾಲು ಕಮಾನಿನ ಅಗಲಕ್ಕೆ ಸರಿಯಾಗಿ ಕೂರುವುದು, ಇವೆಲ್ಲ ಆ ಐದನೆಯವನ ಪುಸ್ತಕದಲ್ಲಿ ಮಾತ್ರ ಇದ್ದವು.

ಮೊದಲ ಅರ್ಧ ಗಂಟೆ ಮೊಬೈಲ್ ಜೇಬಿನಲ್ಲೇ ಇರಲಿ. ಮೊದಲು ಬರೆಯಿರಿ, ಆಮೇಲೆ ಫೋಟೊ. ಬರೆಯಲು ಹೊರಟಾಗಲೇ ನಿಮಗೆ ಏನು ಗೊತ್ತಿಲ್ಲ ಎಂಬುದು ಗೊತ್ತಾಗುವುದು.

ಒಂದು ಎಚ್ಚರಿಕೆ. ಶಿಥಿಲ ಕಟ್ಟಡದ ಒಳಗೆ ಹೋಗಬೇಡಿ. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ 2012ರಲ್ಲಿ ಛಾವಣಿ ಕುಸಿದು ಜೀವ ಹೋಗಿವೆ. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿದ್ದಿದೆ. ಎದುರು ಪಾದಚಾರಿ ಮಾರ್ಗದಲ್ಲಿ ನಿಂತರೂ ಚೆನ್ನಾಗಿಯೇ ಕಾಣುತ್ತದೆ.

ಕೂತು ಯೋಚಿಸುವಾಗ

ಕಾಫಿಗೆ ಕೂತ ಕೂಡಲೇ ಮಾತು ಶುರುಮಾಡುವುದು ದೊಡ್ಡ ತಪ್ಪು. ಬ್ರೈನ್‌ಸ್ಟಾರ್ಮಿಂಗ್ ಎಂಬ ಪದ್ಧತಿಗೆ ಹೆಸರು ತಂದ ಅಮೆರಿಕದ ಜಾಹೀರಾತುಗಾರ ಅಲೆಕ್ಸ್ ಆಸ್ಬರ್ನ್, ಗುಂಪಿನಲ್ಲಿ ಯೋಚಿಸುವಾಗ ಯಾರೂ ಯಾರನ್ನೂ ಟೀಕಿಸಬಾರದು ಎಂದ. ಸರಿಯೇ. ಆದರೆ ಒಬ್ಬ ಮಾತಾಡುತ್ತಿರುವಾಗ ಉಳಿದವರು ತಮ್ಮ ಯೋಚನೆಯನ್ನು ಅಲ್ಲೇ ನಿಲ್ಲಿಸಿಕೊಂಡು ಕಾಯಬೇಕಾಗುತ್ತದೆ. ಬೇರೆ ಬೇರೆಯಾಗಿ ಯೋಚಿಸಿದವರಲ್ಲೇ ಒಟ್ಟು ಯೋಚನೆಗಳು ಹೆಚ್ಚು ಎಂದು ಮನಃಶಾಸ್ತ್ರಜ್ಞರು ಆಮೇಲೆ ತೋರಿಸಿದರು. ಅದಕ್ಕೇ ಮೊದಲ ಹತ್ತು ನಿಮಿಷ ಮೌನ. ತಲಾ ಐದು ಯೋಚನೆ, ಒಂದಕ್ಕೊಂದು ಚೀಟಿ, ಚೀಟಿಯ ಮೇಲೆ ಹೆಸರು ಬೇಡ. ಆಮೇಲೆ ಚೀಟಿಗಳನ್ನು ಕಲಸಿ ಒಬ್ಬರೇ ಓದಲಿ. ಮೊದಲ ಸುತ್ತಿನಲ್ಲಿ ‘ಆದ್ರೆ’ ಎಂದವರು ಕಾಫಿಯ ಬಿಲ್ಲು ಕೊಡಬೇಕು. ನಮ್ಮಲ್ಲಿ ಎರಡು ಸಲ ನಾನೇ ಕೊಟ್ಟೆ.

ಜರಡಿ ಹಿಡಿಯುವುದು ಆಮೇಲೆ. ನಾವು ಕೇಳಿಕೊಂಡದ್ದು ಮೂರು ಪ್ರಶ್ನೆ: ಯಾರ ಅನುಮತಿಯೂ ಇಲ್ಲದೆ ಮಾಡಬಹುದೇ? ನಾಲ್ಕು ಭಾನುವಾರದಲ್ಲಿ ಮುಗಿಯುತ್ತದೆಯೇ? ಇದು ಬೇರೆ ಊರಿನ ಕಟ್ಟಡದಿಂದಲೂ ಬರಬಹುದಿತ್ತೇ? ಮೂರನೆಯದಕ್ಕೆ ಹೌದು ಎನ್ನುವ ಚೀಟಿ ಎಷ್ಟೇ ಚಂದವಿದ್ದರೂ ಕಸದ ಬುಟ್ಟಿಗೆ. ಕಮಾನಿನ ಚಿತ್ರವಿರುವ ಚೀಲ, ಗುಮ್ಮಟದ ಕೀಲಿಗೊಂಚಲು ಎಲ್ಲ ಹೀಗೇ ಹೋದವು.

ಗಡಿಯಾರ ಉಳಿದದ್ದು ಹೀಗೆ

ದೊಡ್ಡ ಗಡಿಯಾರ ಕಟ್ಟಿದ್ದು 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ. ಸುಮಾರು 75 ಅಡಿ ಎತ್ತರದ ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು. ಅಕ್ಷರ ನೋಡುವ ಕೆಲಸ ಸಿಕ್ಕಿದ್ದವಳು ೧ರಿಂದ ೧೨ರವರೆಗೆ ಬರೆದುಕೊಂಡು ಬಂದಿದ್ದಳು. ಚೀಟಿಯಲ್ಲಿ ಬರೆದದ್ದು ಒಂದೇ ಸಾಲು: ‘ಹನ್ನೆರಡು ಗಂಟೆ, ಹನ್ನೆರಡು ತಿಂಗಳು.’

ಲೆಕ್ಕ ಹಾಕಿದಾಗ ಇನ್ನೊಂದು ಸಿಕ್ಕಿತು. ೧ರಿಂದ ೯ರ ಜೊತೆಗೆ ೧೦ರಲ್ಲಿರುವ ಸೊನ್ನೆಯೂ ಸೇರಿದರೆ ಹತ್ತೂ ಅಂಕಿ ಆ ಒಂದೇ ಮುಖದಲ್ಲಿವೆ. ವರ್ಷದ ಯಾವ ತಾರೀಖನ್ನಾದರೂ ಅದರಿಂದಲೇ ಜೋಡಿಸಬಹುದು. ಹೊಸದಾಗಿ ಏನನ್ನೂ ಕಲ್ಪಿಸಬೇಕಿಲ್ಲ.

ಕಷ್ಟ ಶುರುವಾದದ್ದು ಆಮೇಲೆ. ಗಡಿಯಾರ ದುಂಡು, ಕ್ಯಾಲೆಂಡರಿನ ಮನೆ ಚೌಕ. ಶನಿವಾರ ಶುರುವಾಗುವ 31 ದಿನದ ತಿಂಗಳಿಗೆ ಆರು ಸಾಲು ಬೇಕು, ಅಂದರೆ ಏಳಾರಲ 42 ಮನೆ. ಅಷ್ಟು ಚಿಕ್ಕದು ಮಾಡಿದಾಗ ೬ ಮತ್ತು ೯ ಮೊದಲ ನೋಟಕ್ಕೆ ಒಂದೇ ಥರ ಕಂಡವು. ಬಾಲವನ್ನು ತುಸು ಎಳೆದು ತಿದ್ದಿದೆವು. ಅಜ್ಜಿಯೊಬ್ಬರಿಗೂ ಎಂಟು ವರ್ಷದ ಹುಡುಗನಿಗೂ ತೋರಿಸಿದೆವು. ಅಜ್ಜಿ ಸರಾಗವಾಗಿ ಓದಿದರು. ಹುಡುಗ ೭ಕ್ಕೆ ಬಂದು ನಿಂತ. ಅವನಿಗೆಂದು ಪ್ರತಿ ಮನೆಯ ಮೂಲೆಯಲ್ಲಿ ಸಣ್ಣದಾಗಿ ಇಂಗ್ಲಿಷ್ ಅಂಕಿಯನ್ನೂ ಇಟ್ಟೆವು. ಈ ರಾಜಿ ನನಗೆ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ.

ಗೆರೆ ತಿದ್ದಲು ಇಂಕ್‌ಸ್ಕೇಪ್, ಅಂಕಿಗಳನ್ನು ಫಾಂಟ್ ಮಾಡಲು ಫಾಂಟ್‌ಫೋರ್ಜ್, ಎರಡೂ ಉಚಿತ. ಒಂದು ಪ್ರತಿ ಮನೆಯ ಪ್ರಿಂಟರ್‌ನಲ್ಲಿ ತೆಗೆದು ವಾರವಿಡೀ ಮೇಜಿನ ಮೇಲಿಟ್ಟು ನೋಡಿ, ಆಮೇಲಷ್ಟೇ ಅಚ್ಚಿಗೆ ಕೊಡಿ. ಡಿಸೆಂಬರ್‌ನಲ್ಲಿ ಮುದ್ರಣಾಲಯದವರಿಗೆ ಕ್ಯಾಲೆಂಡರ್, ಡೈರಿಗಳ ಒತ್ತಡದಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ದಸರಾ ಮುಗಿದ ಮೊದಲ ಭಾನುವಾರವೇ ಹೊರಡಿ.