ನೀತಿ ಕಾಗದದಲ್ಲಿ, ನೀರು ಪೈಪಿನಲ್ಲಿ: ಒಂದು ಹಾಸ್ಟೆಲ್‌ನ ಲೆಕ್ಕ

ಗೆಳೆಯರೇ, ನಮ್ಮ ದೇಶದಲ್ಲಿ ನೀರಿನ ಬಗ್ಗೆ ನೀತಿಗೆ ಬರ ಇಲ್ಲ. ರಾಷ್ಟ್ರೀಯ ಜಲ ನೀತಿ 1987ರಲ್ಲಿ ಬಂತು, 2002ರಲ್ಲಿ ಪರಿಷ್ಕರಣೆ ಆಯ್ತು, 2012ರಲ್ಲಿ ಮತ್ತೊಮ್ಮೆ ಆಯ್ತು. ಕರ್ನಾಟಕ 2002ರಲ್ಲಿ ತನ್ನದೇ ಜಲ ನೀತಿ ಮಾಡಿಕೊಂಡಿತು. ಅಂತರ್ಜಲಕ್ಕೆ 2011ರ ಕಾಯ್ದೆ ಇದೆ. ಇವುಗಳಲ್ಲೆಲ್ಲ ಮಳೆನೀರು ಹಿಡಿಯಿರಿ, ಪೋಲು ತಡೆಯಿರಿ, ಬಳಸಿದ ನೀರನ್ನು ಮತ್ತೆ ಬಳಸಿ ಅನ್ನೋ ಮಾತು ಒಂದಲ್ಲ ಒಂದು ರೂಪದಲ್ಲಿ ಬರುತ್ತೆ. ಆದರೂ 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರ್ ಹಿಂದೆ ಓಡಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಬೇಕಾಯ್ತು.

ಹಾಗಾದರೆ ನೀತಿಗೂ ನಲ್ಲಿಗೂ ನಡುವೆ ಏನು ಕಳೆದುಹೋಗುತ್ತೆ? ಈ ಪಾಠದಲ್ಲಿ ಅದನ್ನ ನಮ್ಮ ಭಾಷೆಯಲ್ಲೇ, ಅಂದರೆ ಲೆಕ್ಕದಲ್ಲೇ ನೋಡೋಣ. ಬೇಕಾಗಿರೋದು ಒಂದು ಬಕೆಟ್, ಒಂದು ಅಳತೆ ಟೇಪು, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಗುಣಾಕಾರ.

ನಿಯಮ ಏನು ಕೇಳುತ್ತೆ?

ಬೆಂಗಳೂರಿನ ಉದಾಹರಣೆ ತಗೊಳ್ಳೋಣ. ಬೆಂಗಳೂರು ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದರು. 60×40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದಲ್ಲಿರುವ ಹಳೆಯ ಕಟ್ಟಡಗಳಿಗೂ, 30×40 ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದಲ್ಲಿ ಕಟ್ಟುವ ಹೊಸ ಕಟ್ಟಡಗಳಿಗೂ ಇದು ಅನ್ವಯ. ಮೊದಲು ಬಂದ ನಿಯಮಗಳಲ್ಲಿ ಚಾವಣಿಯ ಪ್ರತಿ ಚದರ ಮೀಟರಿಗೆ 20 ಲೀಟರ್, ಕಲ್ಲು ಅಥವಾ ಕಾಂಕ್ರೀಟ್ ಹಾಸಿದ ಅಂಗಳದ ಪ್ರತಿ ಚದರ ಮೀಟರಿಗೆ 10 ಲೀಟರ್ ಹಿಡಿಯುವ ಅಥವಾ ಇಂಗಿಸುವ ವ್ಯವಸ್ಥೆ ಇರಬೇಕು ಅಂತಿತ್ತು. ಅಳವಡಿಸದವರಿಗೆ ನೀರಿನ ಬಿಲ್ಲಿನ ಮೇಲೆ ದಂಡ.

ಈ 20 ಲೀಟರ್ ಅನ್ನೋ ಸಂಖ್ಯೆಯನ್ನ ಸ್ವಲ್ಪ ಬಿಡಿಸಿ ನೋಡಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸರಿಯಾಗಿ 1 ಲೀಟರ್. ಅಂದರೆ ಚದರ ಮೀಟರಿಗೆ 20 ಲೀಟರ್ ಎಂದರೆ 20 ಮಿ.ಮೀ. ಮಳೆ ಹಿಡಿಯುವ ಜಾಗ. ಇದೊಂದು ಸಮೀಕರಣ ನೆನಪಿದ್ದರೆ ಮಳೆನೀರಿನ ಅರ್ಧ ಪಾಠ ಮುಗಿದಂತೆ.

ಆದರೆ ಗಮನಿಸಿ, ನಿಯಮ ಕೇಳೋದು ಒಂದು ರಚನೆಯನ್ನ. ತೊಟ್ಟಿ ಇದೆಯಾ, ಪೈಪು ಇದೆಯಾ, ಇಂಗುಬಾವಿ ಇದೆಯಾ? ಎಷ್ಟು ನೀರು ಸಿಕ್ಕಿತು ಅಂತ ಕೇಳೋರು ಯಾರೂ ಇಲ್ಲ. ಆ ಪ್ರಶ್ನೆಯನ್ನ ನಾವೇ ಕೇಳಬೇಕು.

ಒಂದು ಊಹೆಯ ಹಾಸ್ಟೆಲ್

ಚಾವಣಿ 1,000 ಚದರ ಮೀಟರ್, ವಿದ್ಯಾರ್ಥಿಗಳು 300 ಜನ ಅಂತ ಇಟ್ಟುಕೊಳ್ಳಿ. ಹಾಸ್ಟೆಲ್ ವಿನ್ಯಾಸಕ್ಕೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿಯೋದು ರೂಢಿ. 300 × 135 = 40,500 ಲೀಟರ್, ಅಂದರೆ ದಿನಕ್ಕೆ 40.5 ಕಿಲೋಲೀಟರ್ ಬೇಡಿಕೆ.

ಈಗ ಮಳೆ. ಬೆಂಗಳೂರಿನ ವಾರ್ಷಿಕ ಸರಾಸರಿ ಸುಮಾರು 970 ಮಿ.ಮೀ. ಕಾಂಕ್ರೀಟ್ ಚಾವಣಿಯಲ್ಲಿ ಸ್ವಲ್ಪ ನೀರು ಹೀರಿ, ಆವಿಯಾಗಿ ಹೋಗೋದರಿಂದ 0.85 ಗುಣಾಂಕ ಹಾಕೋಣ.

1,000 × 0.97 × 0.85 = ಸುಮಾರು 824 ಕಿಲೋಲೀಟರ್, ಒಂದು ವರ್ಷಕ್ಕೆ.

12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 68 ಟ್ಯಾಂಕರ್! ಕೇಳೋಕೆ ಭಾರೀ ಅನ್ಸುತ್ತೆ ಅಲ್ವಾ? ಈಗ ಬೇಡಿಕೆಯಿಂದ ಭಾಗಿಸಿ. 824 ÷ 40.5 = ಸುಮಾರು 20 ದಿನ. ವರ್ಷಪೂರ್ತಿ ಚಾವಣಿ ಮೇಲೆ ಬಿದ್ದ ಮಳೆಯ ಹನಿಯೂ ಬಿಡದೆ ಹಿಡಿದರೂ ಹಾಸ್ಟೆಲಿಗೆ ಬರೋದು 20 ದಿನಕ್ಕೆ. ದಿನದ ಸರಾಸರಿ ತೆಗೆದರೆ 2.3 ಕಿಲೋಲೀಟರ್.

ಹಾಗಂತ ಮಳೆಕೊಯ್ಲು ದಂಡ ಅಂತ ಅರ್ಥ ಅಲ್ಲ. ಒಂದೇ ಮನೆಗೆ ಒಂದು ಚಾವಣಿ ಇದ್ದಾಗ ಲೆಕ್ಕವೇ ಬೇರೆ. ಆದರೆ ಒಂದೇ ಚಾವಣಿ ಕೆಳಗೆ 300 ಜನ ಇದ್ದಾಗ, ಮಳೆಕೊಯ್ಲು ಮಾಡಿ ಕೆಲಸ ಮುಗೀತು ಅಂದುಕೊಳ್ಳೋ ಹಾಗಿಲ್ಲ. ಹಾಗಾಗಿ ಮೊದಲು ಒಳಗಡೆ ನೋಡೋಣ.

ಮೊದಲ ಹೆಜ್ಜೆ: ಸೋರಿಕೆ

ರಾತ್ರಿ 1ರಿಂದ 4 ಗಂಟೆವರೆಗೆ ಹಾಸ್ಟೆಲ್‌ನಲ್ಲಿ ಬಳಕೆ ತೀರಾ ಕಡಿಮೆ. ಆ ಹೊತ್ತಲ್ಲಿ ಪಂಪ್ ನಿಲ್ಲಿಸಿ, ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ ಎರಡು ಸಲ ಅಳೆಯಿರಿ. ಟ್ಯಾಂಕ್ 5 ಮೀಟರ್ × 4 ಮೀಟರ್ ಇದ್ದರೆ, ಮಟ್ಟ 1 ಸೆಂ.ಮೀ. ಇಳಿದರೆ 200 ಲೀಟರ್ ಹೋಯ್ತು ಅಂತ. ಮೂರು ಗಂಟೆಯಲ್ಲಿ 3 ಸೆಂ.ಮೀ. ಇಳಿದರೆ 600 ಲೀಟರ್, ಅಂದರೆ ಗಂಟೆಗೆ 200 ಲೀಟರ್. ಇದು ಸೋರಿಕೆಯೇ ಆಗಿದ್ದರೆ ದಿನವಿಡೀ ನಡೀತಾ ಇರುತ್ತೆ: 4.8 ಕಿಲೋಲೀಟರ್. ಚಾವಣಿ ಮಳೆಯ ಸರಾಸರಿಯ ಎರಡರಷ್ಟಕ್ಕಿಂತ ಹೆಚ್ಚು! ರಾತ್ರಿ ಎದ್ದು ಬಾತ್‌ರೂಮಿಗೆ ಹೋದವರ ಬಳಕೆಯನ್ನ ಅಂದಾಜಿನಲ್ಲಿ ಕಳೆದುಬಿಡಿ.

ಕಳ್ಳ ಎಲ್ಲಿರ್ತಾನೆ? ತೊಟ್ಟಿಕ್ಕೋ ನಲ್ಲಿ ಕಣ್ಣಿಗೆ ಕಾಣುತ್ತೆ, ಆದರೆ 20 ಹನಿಗೆ 1 ಮಿ.ಲೀ. ಅಂತ ಹಿಡಿದರೆ ಸೆಕೆಂಡಿಗೊಂದು ಹನಿ ಬೀಳೋ ನಲ್ಲಿಯಿಂದ ದಿನಕ್ಕೆ ಹೋಗೋದು ನಾಲ್ಕು ಲೀಟರ್ ಚಿಲ್ಲರೆ. ದೊಡ್ಡ ಸೋರಿಕೆ ಹೆಚ್ಚಾಗಿ ಕಾಣದ ಕಡೆ ಇರುತ್ತೆ: ಫ್ಲಶ್ ಟ್ಯಾಂಕಿನ ಒಳಗಿನ ಸವೆದ ವಾಷರ್, ಸಂಪಿನ ಫ್ಲೋಟ್ ವಾಲ್ವ್, ನೆಲದೊಳಗಿನ ಪೈಪಿನ ಜಾಯಿಂಟ್. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ ಹದಿನೈದು ನಿಮಿಷ ಬಿಡಿ. ಫ್ಲಶ್ ಮಾಡದೇ ಬೇಸಿನ್ನಿನಲ್ಲಿ ಬಣ್ಣ ಕಂಡರೆ ಅಲ್ಲಿ ಸೋರ್ತಿದೆ.

ಒಂದು ಎಚ್ಚರಿಕೆ. ಟ್ಯಾಂಕ್ ಅಳೆಯೋಕೆ ಒಬ್ಬೊಬ್ಬರೇ ಹತ್ತಬೇಡಿ. ವಾರ್ಡನ್ ಅನುಮತಿ ತಗೊಂಡು, ಪ್ಲಂಬರ್ ಅಣ್ಣನನ್ನ ಜೊತೆಗೆ ಕರ್ಕೊಂಡು ಹೋಗಿ. ಸಂಪಿನೊಳಗೆ, ಚೇಂಬರಿನೊಳಗೆ ಯಾವ ಕಾರಣಕ್ಕೂ ಇಳಿಯಬೇಡಿ. ಅಲ್ಲಿ ಉಸಿರಾಡೋಕೆ ಗಾಳಿ ಇಲ್ಲದೇ ಇರಬಹುದು.

ಎರಡನೇ ಹೆಜ್ಜೆ: ನಲ್ಲಿಯ ಹರಿವು

ವಾಶ್‌ಬೇಸಿನ್ ನಲ್ಲಿ ಪೂರ್ತಿ ತಿರುಗಿಸಿ 15 ಸೆಕೆಂಡ್ ಬಕೆಟ್ ಹಿಡಿಯಿರಿ. 3 ಲೀಟರ್ ಬಂದರೆ ನಿಮಿಷಕ್ಕೆ 12 ಲೀಟರ್. ನಲ್ಲಿಯ ಬಾಯಿಗೆ ಏರೇಟರ್ ಹಾಕಿದರೆ ನೀರಿನ ಜೊತೆ ಗಾಳಿ ಬೆರೆತು ಹರಿವು 5 ಲೀಟರಿಗೆ ಇಳೀತು ಅಂತಿಟ್ಟುಕೊಳ್ಳಿ. ಒಬ್ಬೊಬ್ಬರು ದಿನಕ್ಕೆ 4 ನಿಮಿಷ ಬೇಸಿನ್ ಬಳಸಿದರೆ ಉಳಿತಾಯ 300 × 4 × 7 = 8,400 ಲೀಟರ್. 2024ರ ಬೇಸಿಗೆಯಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟ್, ವಾಣಿಜ್ಯ ಕಟ್ಟಡಗಳಿಗೆ ಏರೇಟರ್ ಹಾಕಿ ಅಂತ ಹಟ ಹಿಡಿದದ್ದು ಇದಕ್ಕೇ.

ಆದರೆ ಸ್ನಾನದ ಬಕೆಟ್ ತುಂಬೋ ನಲ್ಲಿಗೆ ಏರೇಟರ್ ಹಾಕಿ ಪ್ರಯೋಜನ ಇಲ್ಲ. ಬಕೆಟ್ ಹಿಡಿಯೋದು ಅಷ್ಟೇ ನೀರು. ತುಂಬೋಕೆ ಹೊತ್ತು ಜಾಸ್ತಿ ಹಿಡಿಯುತ್ತೆ, ಬೆಳಿಗ್ಗೆ ಕ್ಯೂ ಬೆಳೆಯುತ್ತೆ, ಯಾರೋ ಒಬ್ಬರು ಅದನ್ನ ಕಿತ್ತು ಬಿಸಾಕ್ತಾರೆ. ಆದೇಶದಲ್ಲಿ 'ನಲ್ಲಿ' ಅಂತ ಒಂದೇ ಪದ ಇರಬಹುದು. ಯಾವ ನಲ್ಲಿ ಅಂತ ನೋಡೋದು ಎಂಜಿನಿಯರ್ ಕೆಲಸ.

ಮೂರನೇ ಹೆಜ್ಜೆ: ಫ್ಲಶ್‌ಗೆ ಕಾವೇರಿ ಯಾಕೆ?

135 ಲೀಟರಲ್ಲಿ ಸುಮಾರು 45 ಲೀಟರ್ ಫ್ಲಶ್‌ಗೆ ಹೋಗುತ್ತೆ ಅಂತ ವಿನ್ಯಾಸದಲ್ಲಿ ಹಿಡಿಯೋದುಂಟು. 300 × 45 = 13.5 ಕಿಲೋಲೀಟರ್. ಬೆಂಗಳೂರಿನಲ್ಲಿ ಈ ನೀರು ಎಲ್ಲಿಂದ ಬರುತ್ತೆ? ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ, ಮೂರು ಹಂತದಲ್ಲಿ ಪಂಪ್ ಮಾಡಿ, ಸುಮಾರು 500 ಮೀಟರ್ ಮೇಲೆತ್ತಿ ತರುತ್ತಾರೆ. ಒಂದು ಕಿಲೋಲೀಟರಿಗೆ 1,000 × 9.81 × 500 ಜೂಲ್, ಅಂದರೆ 4.9 ಮೆಗಾಜೂಲ್, 1.36 ಯೂನಿಟ್ ವಿದ್ಯುತ್. ಪಂಪು ಮೋಟಾರಿನ ಒಟ್ಟು ದಕ್ಷತೆ 70 ಶೇಕಡಾ ಅಂದರೆ ಸುಮಾರು 2 ಯೂನಿಟ್. ಘರ್ಷಣೆಯ ನಷ್ಟ ಬೇರೆ. ಇಷ್ಟು ಕಷ್ಟಪಟ್ಟು ಎತ್ತಿ, ಶುದ್ಧ ಮಾಡಿ ತಂದ ನೀರನ್ನ ನಾವು ಕಮೋಡಿಗೆ ಸುರೀತೀವಿ.

2024ರ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿತು. ಒಳ್ಳೆಯದೇ. ಆದರೆ ಆ ನೀರೂ ಅದೇ ನದಿಯದು, ಅದೇ ಎತ್ತರ ಹತ್ತಿಯೇ ಬರಬೇಕು.

ಕ್ಯಾಂಪಸ್ಸಿನಲ್ಲಿ ಎಸ್‌ಟಿಪಿ ಇದ್ದರೆ ಶುದ್ಧೀಕರಿಸಿದ ನೀರು ಎಲ್ಲಿಗೆ ಹೋಗ್ತಿದೆ ಅಂತ ಕೇಳಿ. ಫ್ಲಶ್‌ಗೆ ಬಳಸಬೇಕಾದರೆ ಪ್ರತ್ಯೇಕ ಟ್ಯಾಂಕ್, ಪ್ರತ್ಯೇಕ ಪೈಪ್, ಬೇರೆ ಬಣ್ಣ, ಕ್ಲೋರಿನ್ ಪರೀಕ್ಷೆ, 'ಕುಡಿಯುವ ನೀರಲ್ಲ' ಅನ್ನೋ ಫಲಕ, ಇಷ್ಟೂ ಬೇಕು. ಎರಡು ಪೈಪುಗಳು ಎಲ್ಲೂ ಕೂಡಬಾರದು. ಹಳೆ ಕಟ್ಟಡದಲ್ಲಿ ಎರಡನೇ ಪೈಪ್ ಹಾಕೋದು ಖರ್ಚಿನ ಬಾಬತ್ತು. ಅಲ್ಲಿ ತೋಟಕ್ಕೆ ಬಳಸೋದರಿಂದ ಶುರು ಮಾಡಬಹುದು. ಹೊಸ ಹಾಸ್ಟೆಲ್ ಕಟ್ಟುವಾಗ ನಕ್ಷೆಯಲ್ಲೇ ಸೇರಿಸದಿದ್ದರೆ ಮಾತ್ರ ಅದಕ್ಕೆ ಕ್ಷಮೆ ಇಲ್ಲ.

ನಾಲ್ಕನೇ ಹೆಜ್ಜೆ: ಈಗ ಮಳೆ

ಮಳೆಯ ಪಾಲು ಸಣ್ಣದು ಅಂದೆವು. ಆದರೂ ಬಿಡೋ ಹಾಗಿಲ್ಲ. ಮೇಲಿನ ಮೂರು ಹೆಜ್ಜೆ ಇರೋ ನೀರನ್ನ ಉಳಿಸುತ್ತೆ, ಮಳೆ ಮಾತ್ರ ಹೊಸ ನೀರು ಕೊಡುತ್ತೆ. ಜೊತೆಗೆ ಚಾವಣಿ ನೀರು ರಸ್ತೆಗೆ ಹರಿದು ಚರಂಡಿ ಉಕ್ಕೋದೂ ಅಷ್ಟು ಕಡಿಮೆ.

ಹಾಸ್ಟೆಲಿಗೆ ಇಲ್ಲಿ ಒಂದು ಅನುಕೂಲ ಇದೆ. 1,000 ಚದರ ಮೀಟರಿಗೆ 20 ಲೀಟರ್ ಲೆಕ್ಕದಲ್ಲಿ 20 ಕಿಲೋಲೀಟರ್ ತೊಟ್ಟಿ. ನಮ್ಮ ಹಾಸ್ಟೆಲ್ ಅದನ್ನ ಅರ್ಧ ದಿನದಲ್ಲಿ ಖಾಲಿ ಮಾಡುತ್ತೆ. ಕಡಿಮೆ ಜನರ ಮನೆಯಲ್ಲಿ ತೊಟ್ಟಿ ತುಂಬಿಕೊಂಡೇ ಇದ್ದು ಮುಂದಿನ ಮಳೆ ಉಕ್ಕಿ ಹೋಗುತ್ತೆ. ಇಲ್ಲಿ ಪ್ರತಿ ಮಳೆಗೂ ತೊಟ್ಟಿ ಖಾಲಿ ಸಿಗುತ್ತೆ. ಹೆಚ್ಚಾದದ್ದನ್ನ ಇಂಗುಬಾವಿಗೆ ಬಿಡಬಹುದು. ಸಿಮೆಂಟ್ ರಿಂಗ್ ಇಳಿಸಿ ಇಂಥ ಬಾವಿ ತೋಡುವ ಕೌಶಲ ಬೆಂಗಳೂರಿನ ಸುತ್ತಮುತ್ತ ಮಣ್ಣು ವಡ್ಡರ ಸಮುದಾಯದವರ ಬಳಿ ತಲೆಮಾರುಗಳಿಂದ ಇದೆ.

ಹೆಚ್ಚಿನ ಕಡೆ ಕೆಡೋದು ಫಿಲ್ಟರ್. ವಾರ್ಷಿಕ ಮಳೆ ನೋಡಿ ಫಿಲ್ಟರ್ ಗಾತ್ರ ಹಾಕಬಾರದು, ತೀವ್ರತೆ ನೋಡಬೇಕು. ಗಂಟೆಗೆ 60 ಮಿ.ಮೀ. ವೇಗದಲ್ಲಿ ಸುರಿದರೆ ನಮ್ಮ ಚಾವಣಿಯಿಂದ ಸೆಕೆಂಡಿಗೆ ಸುಮಾರು 14 ಲೀಟರ್ ಬರುತ್ತೆ. ಫಿಲ್ಟರ್ ಅಷ್ಟನ್ನ ದಾಟಿಸದಿದ್ದರೆ ನೀರು ಚಾವಣಿ ಮೇಲೇ ನಿಲ್ಲುತ್ತೆ, ಗೋಡೆ ನೆನೆಯುತ್ತೆ, ಕೊನೆಗೆ ಯಾರೋ ಪೈಪನ್ನೇ ಬಿಚ್ಚಿ ಮೋರಿಗೆ ತಿರುಗಿಸ್ತಾರೆ. ಮೊದಲ ಮಳೆಯ ಧೂಳು, ಹಕ್ಕಿಯ ಹಿಕ್ಕೆ ಹೊರಗೆ ಬಿಡೋಕೆ ಒಂದು ಕವಾಟ ಇರಲಿ. ಫಿಲ್ಟರ್ ದಾಟದ ನೀರನ್ನ ನೇರ ಬೋರ್‌ವೆಲ್ಲಿಗೆ ಬಿಡಲೇಬೇಡಿ. ಕೆಟ್ಟ ಅಂತರ್ಜಲವನ್ನ ಮತ್ತೆ ಶುದ್ಧ ಮಾಡೋದು ಸುಲಭ ಅಲ್ಲ. ಫಿಲ್ಟರಿನ ಮಾದರಿಗಳನ್ನ ಕಣ್ಣಾರೆ ನೋಡಬೇಕಂದ್ರೆ ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಕೊಯ್ಲು ಪಾರ್ಕ್ ಇದೆ.

ಪಟ್ಟಿ ಮಾಡಿದರೆ

ನಮ್ಮ ಊಹೆಯ ಹಾಸ್ಟೆಲ್‌ನಲ್ಲಿ ದಿನದ ಲೆಕ್ಕ ಹೀಗೆ ಬಂತು:
- ಫ್ಲಶ್‌ಗೆ ಮರುಬಳಕೆ: 13.5 ಕಿಲೋಲೀಟರ್
- ಏರೇಟರ್: 8.4
- ಸೋರಿಕೆ ತಡೆ: 4.8
- ಚಾವಣಿ ಮಳೆ: 2.3

ನಿಮ್ಮ ಕ್ಯಾಂಪಸ್ಸಿನಲ್ಲಿ ಸಂಖ್ಯೆಗಳು ಬೇರೆ ಬರುತ್ತವೆ, ಕ್ರಮವೂ ಬದಲಾಗಬಹುದು. ಮಂಗಳೂರಿನಲ್ಲಿ ವಾರ್ಷಿಕ ಮಳೆ 3,500 ಮಿ.ಮೀ. ದಾಟುತ್ತೆ, ಬಳ್ಳಾರಿಯಲ್ಲಿ 500ರ ಆಸುಪಾಸು. ಒಂದೇ ನಿಯಮ ಎರಡೂ ಕಡೆ ಒಂದೇ ಫಲ ಕೊಡಲ್ಲ. ಅದಕ್ಕೇ ಅಳೆಯಬೇಕು ಅನ್ನೋದು. ಅಳತೆ ಇಲ್ಲದಿದ್ದರೆ ಕಣ್ಣಿಗೆ ಕಾಣೋ ಕೆಲಸಕ್ಕೆ ದುಡ್ಡು ಹೋಗುತ್ತೆ, ನೀರು ಉಳಿಸೋ ಕೆಲಸ ಹಾಗೇ ಉಳಿಯುತ್ತೆ.

ಕೊನೆಯದಾಗಿ, ಪ್ರತಿ ಸಾಲಿನ ಮುಂದೆ ಎರಡು ಕಾಲಂ ಎಳೆಯಿರಿ: 'ಯಾರು?' ಮತ್ತು 'ಯಾವಾಗ?'. ಫಿಲ್ಟರ್ ತೊಳೆಯೋದು ಯಾರು, ಮೇ ಮೊದಲ ವಾರವೋ ಕೊನೆಯ ವಾರವೋ? ಮೀಟರ್ ಬರೆದುಕೊಳ್ಳೋದು ಯಾರು, ಯಾವ ದಿನ? ವಾಷರ್ ಬದಲಿಸೋಕೆ ಪ್ಲಂಬರ್ ಅಣ್ಣನಿಗೆ ಸಾಮಾನು ಕೊಡಿಸೋದು ಯಾರು? ಆ ಎರಡು ಕಾಲಂ ಖಾಲಿ ಇದ್ದರೆ ನಿಮ್ಮ ವರದಿಯೂ ಇನ್ನೊಂದು ನೀತಿಯಾಗಿ ಬೀರು ಸೇರುತ್ತೆ.

ಈ ಸೆಮಿಸ್ಟರ್ ನಾಲ್ಕೈದು ಜನ ಸೇರಿ ಒಂದೇ ಒಂದು ಬ್ಲಾಕ್ ಅಳೆಯಿರಿ. ಸಿವಿಲ್‌ನವರು ಟ್ಯಾಂಕ್ ನೋಡಲಿ, ಎಲೆಕ್ಟ್ರಾನಿಕ್ಸ್‌ನವರು ಮಟ್ಟದ ಸೆನ್ಸರ್ ಮಾಡಲಿ, ಕಂಪ್ಯೂಟರ್‌ನವರು ಪಟ್ಟಿ ಇಡಲಿ. ಒಂದು ಪುಟದ ವರದಿ ಕನ್ನಡದಲ್ಲೇ ಬರೆದು ಪ್ರಾಂಶುಪಾಲರಿಗೂ ಕೊಡಿ, ಪ್ಲಂಬರ್ ಅಣ್ಣನಿಗೂ ಕೊಡಿ. ಇಬ್ಬರಿಗೂ ಅರ್ಥ ಆದರೆ ಕೆಲಸ ಶುರುವಾಗುತ್ತೆ.